ಹಗ್ಗದ ತುದಿಯಲ್ಲಿ ನಿಂತವಳು

ಕಾಪುವಿನ ಕಡಲ ಬದಿಯ ಪ್ರಫುಲ್ಲಾಳ ಅಳತೆ ಪುಸ್ತಕ ಎಲ್ಲಿಯಾದರೂ ಕೈತಪ್ಪಿ ಬೀದಿಗೆ ಬಿದ್ದಿದ್ದರೆ ಆ ವಾರ್ಡಿನ ಅರ್ಧ ಹೆಂಗಸರು ಮುಖಕ್ಕೆ ಸೆರಗು ಹಾಕಿಕೊಂಡು ತಿರುಗಬೇಕಾಗುತ್ತಿತ್ತು. ಇಪ್ಪತ್ತು ವರ್ಷದಿಂದ ಅವಳು ರವಿಕೆ ಹೊಲಿಯುತ್ತಿದ್ದಳು. ಯಾರ ಎದೆ ಎಷ್ಟು, ಯಾರ ತೋಳು ಎಷ್ಟು, ಹೆರಿಗೆಯ ನಂತರ ಯಾರು ಎಷ್ಟು ಇಂಚು ಏರಿದರು, ಎಲ್ಲವೂ ಅದರಲ್ಲಿತ್ತು. ಆದರೆ ಒಬ್ಬಳ ಅಳತೆಯ ಬಗ್ಗೆ ಇನ್ನೊಬ್ಬಳ ಮುಂದೆ ಬಾಯಿ ಬಿಟ್ಟವಳಲ್ಲ. "ಅವಳದ್ದು ಎಷ್ಟು ಮಾರಾಯ್ತಿ?" ಎಂದು ಯಾರಾದರೂ ಕೆಣಕಿದರೆ, "ನಿಮ್ಮದು ಎಷ್ಟು ಅಂತ ಅವಳೂ ಕೇಳಿದ್ದಾಳೆ, ಹೇಳ್ಲಾ?" ಎನ್ನುತ್ತಿದ್ದಳು. ಕೇಳಿದವಳು ತೆಪ್ಪಗಾಗುತ್ತಿದ್ದಳು.

ತನ್ನ ಅಳತೆಯನ್ನು ಮಾತ್ರ ಅವಳು ಎಲ್ಲಿಯೂ ಬರೆದಿಟ್ಟಿರಲಿಲ್ಲ. ಅದು ಗೊತ್ತಾದದ್ದು ಮಣಿಪಾಲದ ಡಾಕ್ಟರರ ಕೋಣೆಯಲ್ಲಿ. ತೊಂಬತ್ತನಾಲ್ಕು ಕಿಲೋ. ಖಾಲಿ ಹೊಟ್ಟೆಯ ಶುಗರ್ ಇನ್ನೂರರ ಹತ್ತಿರ. ಡಾಕ್ಟರು ಎಳೆಯ ಹುಡುಗಿ, ನಯವಾಗಿಯೇ ಹೇಳಿದಳು. "ಕಣ್ಣಿನ ಹಿಂದಿನ ನರಗಳಲ್ಲಿ ಸ್ವಲ್ಪ ತೊಂದರೆ ಶುರುವಾಗಿದೆ. ಮೂರು ತಿಂಗಳು ದಿನಾ ಮುಕ್ಕಾಲು ಗಂಟೆ ನಡೆಯಿರಿ. ಆಮೇಲೆ ನೋಡೋಣ." ಸೂಜಿಗೆ ನೂಲು ಪೋಣಿಸಿ ಬದುಕುವವಳಿಗೆ ಕಣ್ಣಿನ ಮಾತು ಎದೆಗೆ ಹೊಡೆದಂತಾಯಿತು. ಬಸ್ಸಿನಲ್ಲಿ ಬರುವಾಗ ಅವಳು ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ಅಂಗಡಿಗಳ ಬೋರ್ಡು ಓದುತ್ತಾ ಬಂದಳು.

ಮನೆಯಲ್ಲಿ ಅವಳ ತಾಯಿ ಅಮ್ಮಣ್ಣಿ, ಗಂಡ ದೇವದಾಸ, ಮಗಳು ಮೋಕ್ಷಾ. ದೇವದಾಸ ಮಲ್ಪೆ ಬಂದರಿನಲ್ಲಿ ಮೀನಿನ ಏಲಂ, ಅಂದರೆ ಹರಾಜು ಕೂಗುವವನು. ಬೆಳಕು ಹರಿಯುವ ಮೊದಲೇ ಹೋಗಿ ಮಧ್ಯಾಹ್ನಕ್ಕೆ ಬರುತ್ತಿದ್ದ. ಏಲಂ ಕೂಗಿ ಕೂಗಿ ಗಂಟಲಿಗೆ ಮೆಲ್ಲಗೆ ಮಾತಾಡುವ ಅಭ್ಯಾಸವೇ ತಪ್ಪಿಹೋಗಿತ್ತು. ಬಂಗುಡೆ ಮೀನಿನ ಪುಳಿಮುಂಚಿ ಸಾರು ಬಡಿಸುತ್ತಾ ಅವಳು ಡಾಕ್ಟರರ ಮಾತು ಹೇಳಿದಾಗ ಅವನು ತಟ್ಟೆಯಿಂದ ತಲೆ ಎತ್ತಿದ.

"ನಡೆಯುದಾ? ನೀನು ನಡೆದ್ರೆ ಪರ್ಸಿನ್ ಬೋಟು ಬಂದ ಹಾಗೆ ಕಾಣ್ತದೆ. ಜನ ಏಲಂಗೆ ಬಂದು ನಿಂತಾರು!"

"ನಿಮಗೆ ತಮಾಷೆ."

"ತಮಾಷೆ ಅಲ್ಲ ಮಾರಾಯ್ತಿ, ಪರ್ಸಿನ್ ಬೋಟು ಅಂದ್ರೆ ಮರ್ಯಾದೆ ಗೊತ್ತುಂಟಾ? ಅಷ್ಟು ದೊಡ್ಡ ಮೀನಿನ ಬೋಟು ಯಾರ ಮನೆಯಲ್ಲಿ ಉಂಟು?"

ಅಮ್ಮಣ್ಣಿ ಗಂಜಿಯ ಬಟ್ಟಲು ಕೆಳಗಿಟ್ಟಳು. ಎಪ್ಪತ್ತನಾಲ್ಕು ವರ್ಷದ ಮುದುಕಿ, ಒಣ ಕಡ್ಡಿಯ ಹಾಗೆ ಇದ್ದಳು. "ನಾನು ಮೀನಿನ ಬುಟ್ಟಿ ಹೊತ್ತು ಶಿರ್ವದವರೆಗೆ ನಡೆದವಳು. ಕೆಲವು ದಿನ ಬೆಳ್ಮಣ್‌ವರೆಗೂ. ಅದಕ್ಕೆ ಯಾರೂ ವಾಕಿಂಗ್ ಅಂತ ಹೇಳ್ಲಿಲ್ಲ. ನೀನು ಕೂತಲ್ಲೇ ಕೂತು ಮಿಷನ್ ತುಳಿದದ್ದು ಹೆಚ್ಚಾಯ್ತು, ಮಗಾ."

"ಕೂತದ್ದಕ್ಕೇ ನಮಗೆ ಈ ಮನೆಗೆ ಹೆಂಚು ತೆಗೆದು ತಾರಸಿ ಹಾಕ್ಲಿಕ್ಕೆ ಆದದ್ದು, ಅಮ್ಮ."

"ಅದು ಹೌದು" ಎಂದು ಅಮ್ಮಣ್ಣಿ ಮತ್ತೆ ಬಟ್ಟಲು ಎತ್ತಿಕೊಂಡಳು.

ಪ್ರಫುಲ್ಲಾ ಮೊದಲ ದಿನ ಒಬ್ಬಳೇ ದೀಪಸ್ತಂಭದ ಕಡೆಗೆ ಹೋದಳು. ನೈಟಿಯ ಮೇಲೆ ದುಪ್ಪಟ್ಟಾ, ಕಾಲಿಗೆ ರಬ್ಬರ್ ಚಪ್ಪಲಿ. ಇನ್ನೂರು ಹೆಜ್ಜೆ ಹೋಗಿರಲಿಲ್ಲ, ಬೈಕಿನ ಮೇಲೆ ಕೂತಿದ್ದ ಮೂವರು ಹುಡುಗರಲ್ಲಿ ಒಬ್ಬ, "ಓಯ್, ಜಾಗ ಬಿಡಿ, ಲೋಡು ಲಾರಿ" ಎಂದ. ಉಳಿದಿಬ್ಬರು ಹಾರ್ನಿನ ಸದ್ದು ಮಾಡಿದರು. ಹಿಂದಿರುಗಿ ಬರುವಾಗ ಪಕ್ಕದ ಮನೆಯ ಹೆಂಗಸು ಗೇಟಿಗೆ ಬಂದು, "ಎಂತ ಪ್ರಫುಲ್ಲಕ್ಕ, ಈ ಪ್ರಾಯದಲ್ಲಿ ಬ್ಯೂಟಿ ಮಾಡ್ಲಿಕ್ಕೆ ಹೊರಟದ್ದಾ?" ಎಂದಳು. ಹಾಗೆಂದವಳ ರವಿಕೆಯ ಸುತ್ತಳತೆಯೇ ನಲವತ್ತನಾಲ್ಕು. ಪ್ರಫುಲ್ಲಾ ನಕ್ಕು ಸುಮ್ಮನೆ ಬಂದಳು. ಮರುದಿನದಿಂದ ತಾರಸಿಯ ಮೇಲೆ, ಒಣಗಲು ಹಾಕಿದ ಬಟ್ಟೆಗಳ ನಡುವೆ, ಈ ಮೂಲೆಯಿಂದ ಆ ಮೂಲೆಗೆ ನಡೆಯತೊಡಗಿದಳು. ಹತ್ತು ನಿಮಿಷಕ್ಕೆ ತಲೆ ಸುತ್ತುತ್ತಿತ್ತು.

ಜನವರಿಯಲ್ಲಿ ಮೋಕ್ಷಾ ರಜೆಗೆ ಬಂದಳು. ನಿಟ್ಟೆಯಲ್ಲಿ ಎಂಜಿನಿಯರಿಂಗ್ ಎರಡನೇ ವರ್ಷ, ಹಾಸ್ಟೆಲಿನಲ್ಲಿ ವಾಸ. ಮುಖ, ಮೈಕಟ್ಟು ಎಲ್ಲ ಅಮ್ಮನದ್ದೇ ಅಚ್ಚು. ಹಾಗೆಂದು ಯಾರಾದರೂ ಹೇಳಿದರೆ ಹುಡುಗಿ ಊಟದ ಅರ್ಧದಲ್ಲಿ ಕೈ ತೊಳೆದು ಏಳುತ್ತಿದ್ದಳು. ಅದನ್ನು ಮನೆಯಲ್ಲಿ ಎಲ್ಲರೂ ಪ್ರಾಯದ ಕೊಬ್ಬು ಎಂದುಕೊಂಡಿದ್ದರು.

ತಾರಸಿಯ ಮೇಲೆ ಏದುಸಿರು ಬಿಡುತ್ತಿದ್ದ ಅಮ್ಮನನ್ನು ನೋಡಿ ಅವಳಿಗೆ ಸಿಟ್ಟು ಬಂತು.

"ಕಡಲು ಎದುರಿಗೇ ಉಂಟು, ನೀನು ಇಲ್ಲಿ ಬಟ್ಟೆ ಹಗ್ಗದ ಅಡಿಯಲ್ಲಿ ಸುತ್ತುದಾ? ನಡಿ, ನಾನು ಬರ್ತೇನೆ."

"ಜನ ನೋಡ್ತಾರೆ, ಮೋಕ್ಷಾ."

"ನೋಡ್ಲಿ. ನಾನಿದ್ದೇನಲ್ಲ."

ಆ ಮಾತು ಒಂದೇ ಸಾಕಾಯಿತು ಅವಳಿಗೆ. ಬೆಳಿಗ್ಗೆ ಆರೂವರೆಗೆ ತಾಯಿ ಮಗಳು ಹೊರಡತೊಡಗಿದರು. ಬೈಕಿನ ಹುಡುಗರು ಮತ್ತೆ ಬಾಯಿ ತೆರೆದಾಗ ಮೋಕ್ಷಾ ನೇರ ಅವರ ಮುಂದೆ ಹೋಗಿ ನಿಂತು, "ಎಂತ ಹೇಳಿದ್ದು? ಇನ್ನೊಮ್ಮೆ ಹೇಳು, ನಿನ್ನ ಅಮ್ಮನ ಹೆಸರು ಸೇರಿಸಿ ಹೇಳು" ಎಂದಳು. ಹುಡುಗರು ಬೈಕು ಸ್ಟಾರ್ಟ್ ಮಾಡಿ ಹೋದರು. ಅಂದು ಪ್ರಫುಲ್ಲಾಳಿಗೆ ಮಗಳನ್ನು ಹೆತ್ತದ್ದು ಸಾರ್ಥಕ ಎನಿಸಿತು. ಅದನ್ನು ಅವಳು ಅಮ್ಮಣ್ಣಿಗೂ ಹೇಳಿದಳು, ದೇವದಾಸನಿಗೂ ಹೇಳಿದಳು, ರವಿಕೆ ಕೊಡಲು ಬಂದ ಇಬ್ಬರಿಗೂ ಹೇಳಿದಳು.

ಒಂದು ವಾರಕ್ಕೆ ಹೊಸ ಕಾಟ ಶುರುವಾಯಿತು. ಮರಳಿನಲ್ಲಿ ನಡೆದು ತೊಡೆಗೆ ತೊಡೆ ಉಜ್ಜಿ ಹುಣ್ಣಾಯಿತು. ಇಂಥದ್ದನ್ನು ಯಾರ ಹತ್ತಿರ ಹೇಳುವುದು? ಸ್ನಾನದ ಮನೆಯಲ್ಲಿ ಕೂತು ಪೌಡರ್ ಹಾಕಿಕೊಳ್ಳುವಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಕೊನೆಗೆ ಮಗಳಿಗೆ ಮಾತ್ರ ಹೇಳಿದಳು. ಮೋಕ್ಷಾ ಅಪ್ಪನ ಕಪಾಟಿನಿಂದ ಹಳೆಯ ನೀಲಿ ಬರ್ಮುಡಾ ಒಂದನ್ನು ಎತ್ತಿ ತಂದಳು. "ಚೂಡಿದಾರದ ಒಳಗೆ ಇದನ್ನು ಹಾಕು. ಉಜ್ಜುದಿಲ್ಲ."

"ಗಂಡಸಿನ ಚಡ್ಡಿಯಾ?"

"ಯಾರಿಗೆ ಗೊತ್ತಾಗ್ತದೆ?"

"ಯಾರಿಗೂ ಹೇಳ್ಬೇಡ. ನಿನ್ನ ಅಪ್ಪನಿಗಂತೂ ಬೇಡವೇ ಬೇಡ. ಏಲಂ ಕೂಗಿಯಾರು."

"ಅಯ್ಯೋ, ಹೇಳ್ತೇನಾ ಅಮ್ಮ!" ಎಂದಳು ಮೋಕ್ಷಾ. ದೇವದಾಸ ಮೂರು ದಿನ ಬರ್ಮುಡಾ ಹುಡುಕಿದ. ಸಿಗದಾಗ ಕಾಗೆ ಎತ್ತಿಕೊಂಡು ಹೋಗಿರಬೇಕೆಂದು ಬಿಟ್ಟುಬಿಟ್ಟ.

ಐದು ವಾರದಲ್ಲಿ ಪ್ರಫುಲ್ಲಾ ಮೂರು ಕಿಲೋ ಇಳಿದಳು. ಶುಗರ್ ನೂರ ಐವತ್ತಕ್ಕೆ ಬಂತು. ಮಿಷನ್ನಿನಿಂದ ಏಳುವಾಗ ಮೊಣಕಾಲು ಹಿಡಿಯುವುದು ನಿಂತಿತು. ಕೆಲವು ದಿನ ಅವಳೇ ಮಗಳನ್ನು ಎಬ್ಬಿಸುತ್ತಿದ್ದಳು. ಅಷ್ಟರಲ್ಲಿ ಮಹಿಳಾ ಮಂಡಲದ ನವ್ಯಶ್ರೀ ಮನೆಗೆ ಬಂದಳು. ಕಾರ್ಕಳದಲ್ಲಿ ಸಮಾಜದ ಕ್ರೀಡಾಕೂಟ, ಮದುವೆಯಾದ ಹೆಂಗಸರ ಹಗ್ಗಜಗ್ಗಾಟ. ತೂಕದ ಮಿತಿ ಇಲ್ಲ.

"ಪ್ರಫುಲ್ಲಕ್ಕ, ಹಗ್ಗದ ತುದಿಗೆ ನೀವು ಬೇಕು. ಹೆಗಲಿಗೆ ಹಗ್ಗ ಸುತ್ತಿ ನಿಂತ್ರೆ ಬ್ರಹ್ಮ ಬಂದ್ರೂ ಅಲ್ಲಾಡಿಸ್ಲಿಕ್ಕೆ ಆಗ್ಬಾರ್ದು."

"ನನ್ನನ್ನಾ? ಅಷ್ಟು ಜನರ ಎದುರು? ಬೇಡ ಮಾರಾಯ್ತಿ."

"ಹೋಗು ಅಮ್ಮ" ಎಂದು ಒಳಗಿನಿಂದ ಮೋಕ್ಷಾ ಕೂಗಿದಳು. "ನಿನ್ನನ್ನು ನೋಡಿ ನಗುವವರಿಗೆ ನೀನು ಎಂತ ಅಂತ ಒಮ್ಮೆ ಗೊತ್ತಾಗ್ಲಿ."

ಅಮ್ಮಣ್ಣಿಯೂ ಹೂಂಗುಟ್ಟಿದಳು. "ಕೈರಂಪಣಿ ಬಲೆ ಎಳೆದವರ ಸಂತಾನ ನಮ್ಮದು. ಹಗ್ಗ ಎಳೆಯುದಕ್ಕೆ ನಾಚಿಕೆಯಾ?"

ಹೀಗೆ ಪ್ರಫುಲ್ಲಾ ಒಪ್ಪಿದಳು. ಮಂಡಲ ಕೊಟ್ಟ ಜೆರ್ಸಿಯಲ್ಲಿ ಅವಳ ತೋಳೂ ಹೋಗಲಿಲ್ಲ. ಎರಡು ಜೆರ್ಸಿ ಬಿಚ್ಚಿ, ಬದಿಗೆ ಪಟ್ಟಿ ಕೊಟ್ಟು, ಹೊಲಿಗೆ ಕಾಣದ ಹಾಗೆ ಒಂದು ಮಾಡಿದಳು. ಹಾಕಿಕೊಂಡು ಕನ್ನಡಿಯ ಮುಂದೆ ನಿಂತಾಗ ಮೊದಲ ಸಲ ಅವಳಿಗೆ ತಾನು ಚೆನ್ನಾಗಿಯೇ ಕಾಣುತ್ತೇನೆ ಎನಿಸಿತು.

ನಮ್ಮ ಕಡೆ ಹಗ್ಗಜಗ್ಗಾಟವೆಂದರೆ ಅರ್ಧ ಹಗ್ಗ, ಅರ್ಧ ಮೈಕು. ಮೈಕು ಹಿಡಿದವನ ಬಾಯಿ ಚುರುಕಾಗಿದ್ದರೆ ಮಾತ್ರ ಜನ ನಿಲ್ಲುತ್ತಾರೆ. ಅವನಾದರೂ ಎಲ್ಲರ ವಿಷಯ ಎಲ್ಲಿಂದ ತರುತ್ತಾನೆ? ಆಟಗಾರರ ಮನೆಯವರೇ ಮುಂಚಿತವಾಗಿ ಅವನಿಗೆ ಸಂಗತಿ ಕಳಿಸುವುದು ರೂಢಿ. ಮೊದಲು ಚೀಟಿ, ಈಗ ವಾಟ್ಸಾಪು. ಇವಳು ಇಂಥವನ ಹೆಂಡತಿ, ಇಂಥ ಕೆಲಸ, ಮನೆಯಲ್ಲಿ ಹೀಗೆ ಕರೆಯುತ್ತಾರೆ ಎಂದು ನಾಲ್ಕು ಸಾಲು. ಅವನು ಅದಕ್ಕೆ ಉಪ್ಪು ಖಾರ ಹಚ್ಚಿ ಕೂಗುತ್ತಾನೆ. ಆ ದಿನ ಮೈಕು ಬೆಳ್ಮಣ್‌ನ ಅಣ್ಣುವಿನ ಕೈಯಲ್ಲಿತ್ತು.

ಕಾರ್ಕಳದ ಮೈದಾನದಲ್ಲಿ ಎರಡು ಸಾವಿರ ಜನ. ಮೋಕ್ಷಾ ನಿಟ್ಟೆಯ ಗೆಳತಿ ಜೆನಿಟಾ ಮತ್ತು ಇನ್ನೂ ಐದಾರು ಜನ ಸ್ನೇಹಿತರೊಂದಿಗೆ ಗ್ಯಾಲರಿಯಲ್ಲಿ ಕೂತಿದ್ದಳು. ಫೈನಲಿಗೆ ಕಾಪುವಿನ ತಂಡ ಹಗ್ಗ ಹಿಡಿಯಿತು. ಪ್ರಫುಲ್ಲಾ ಹೆಗಲಿಗೆ ಹಗ್ಗ ಸುತ್ತಿಕೊಂಡು ಹಿಮ್ಮಡಿ ಊರಿದಳು. ಅಷ್ಟರಲ್ಲಿ ಮೈಕು ಕೂಗಿತು.

"ಕಾಪುವಿನ ಕಟ್ಟಕಡೆಯ ಆಟಗಾರ್ತಿ ಪ್ರಫುಲ್ಲಕ್ಕ! ಮನೆಯಲ್ಲಿ ಇವರ ಹೆಸರು ಪರ್ಸಿನ್ ಬೋಟು! ಎಷ್ಟು ಟನ್ನು ಅಂತ ಕೇಳ್ತೀರಾ? ತೊಂಬತ್ತನಾಲ್ಕು ಕಿಲೋ ಇತ್ತು, ಮೂರು ಕಿಲೋ ಕಾಪು ಕಡಲಿಗೆ ಬಿಟ್ಟು ಬಂದಿದ್ದಾರೆ! ಎದುರಾಳಿಗಳೇ, ಜಾಗ್ರತೆ! ಮೇಲೆ ಚೂಡಿದಾರದ ಪ್ಯಾಂಟು, ಒಳಗೆ ಗಂಡನ ಬರ್ಮುಡಾ! ತೊಡೆಗೆ ತೊಡೆ ತಾಗಿದ್ರೆ ಬೆಂಕಿ ಹತ್ತುವ ಎಂಜಿನ್!"

ಮೈದಾನ ಗೊಳ್ಳೆಂದಿತು. ಅವಳ ಮುಂದೆ ಹಗ್ಗ ಹಿಡಿದಿದ್ದ ನವ್ಯಶ್ರೀಯ ಬೆನ್ನು ಕೂಡ ನಗುವಿಗೆ ಕುಲುಕುವುದು ಅವಳಿಗೆ ಕಾಣಿಸಿತು. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಬಿಟ್ಟು ಓಡುವಂತಿಲ್ಲ, ಹಗ್ಗ ಮೈಗೆ ಸುತ್ತಿದೆ. ಸೀಟಿ ಊದಿದರು. ಅವಳು ಎಳೆದಳು. ಯಾರ ಮೇಲಿನ ಸಿಟ್ಟೋ, ಎರಡು ಸುತ್ತನ್ನೂ ಒಂದೇ ಉಸಿರಿಗೆ ಎಂಬಂತೆ ಎಳೆದು ಮುಗಿಸಿದಳು. ಜನ "ಬರ್ಮುಡಾ! ಬರ್ಮುಡಾ!" ಎಂದು ಚಪ್ಪಾಳೆ ತಟ್ಟುತ್ತಿದ್ದರು. ಬಹುಮಾನದ ಬಾಳೆಗೊನೆಯನ್ನು ಅವಳ ಹೆಗಲಿಗೇ ಹೊರಿಸಿ ಫೋಟೋ ತೆಗೆದರು.

ವ್ಯಾನಿನಲ್ಲಿ ಕಾಪುವರೆಗೂ ಅವಳು ಇದು ಯಾರ ಕೆಲಸವೆಂದು ಲೆಕ್ಕ ಹಾಕಿದಳು. ಪರ್ಸಿನ್ ಬೋಟು ಎಂದ ಮೇಲೆ ಇನ್ನೇನು ಅನುಮಾನ? ಗಂಡನ ಹೊರತು ಇನ್ನಾರೂ ಆ ಹೆಸರು ಹಿಡಿದು ಕರೆಯುವುದಿಲ್ಲ. ಬರ್ಮುಡಾದ ವಿಷಯವೂ ಅವನಿಗೆ ಹೇಗೋ ಗೊತ್ತಾಗಿರಬೇಕು. ಮನೆಗೆ ಬಂದವಳೇ ಅನ್ನಕ್ಕೆ ನೀರಿಡದೆ ಮಿಷನ್ನಿನ ಸ್ಟೂಲಿನ ಮೇಲೆ ಕೂತಳು. ದೇವದಾಸ ಹಿಂದೆಯೇ ಮಗಳನ್ನು ಕೂರಿಸಿಕೊಂಡು ಬೈಕಿನಲ್ಲಿ ಬಂದು, ಗೊನೆಯನ್ನು ಜಗಲಿಯಲ್ಲಿ ಇಳಿಸಿ, ಬೆವರು ಒರೆಸಿಕೊಂಡ.

"ಗೆದ್ದುಬಿಟ್ಟಿಯಲ್ಲ! ಮಲ್ಪೆಯಲ್ಲಿ ನಾಳೆ ನನ್ನದೇ ಸುದ್ದಿ."

"ನಿಮ್ಮದೇ. ಕೂಗಿಸಿದ್ದೂ ನೀವೇ ಅಲ್ವಾ? ಹೆಂಡತಿಯನ್ನು ಏಲಂಗೆ ಇಟ್ಟಾಯ್ತು."

"ನಾನು ಎಂತ ಕೂಗಿಸಿದ್ದು?" ದೇವದಾಸ ಬೆಪ್ಪಾಗಿ ನಿಂತ. ಆಮೇಲೆ ಏನೋ ನೆನಪಾದವನಂತೆ, ಪಾಪ, ನಿಜವಾಗಿಯೂ ಕುತೂಹಲದಿಂದ ಕೇಳಿದ. "ಅಲ್ಲ, ಅದು ಹೌದಾ? ನನ್ನ ನೀಲಿ ಬರ್ಮುಡಾ ನಿನ್ನ ಹತ್ತಿರ ಉಂಟಾ? ನಾನು ಕಾಗೆಗೆ ಬೈದದ್ದೇ ಬೈದದ್ದು!"

ಪ್ರಫುಲ್ಲಾ ಅವನ ಮುಖ ನೋಡಿದಳು. ಅವನಿಗೆ ಗೊತ್ತಿರಲಿಲ್ಲ. ಬರ್ಮುಡಾ ಅವನಿಗೆ ಗೊತ್ತಿರಲಿಲ್ಲ, ಹುಣ್ಣು ಗೊತ್ತಿರಲಿಲ್ಲ, ತೂಕವನ್ನು ಕೂಡ ಅವಳು ಮಗಳಿಗಲ್ಲದೆ ಅವನಿಗೆ ಹೇಳಿರಲಿಲ್ಲ. ಗಂಡ ಮಾಡಿದ್ದಾನೆ ಎಂದುಕೊಂಡಾಗ ಬಂದದ್ದು ಸಿಟ್ಟು. ಈಗ ಬಂದದ್ದನ್ನು ತಡೆದುಕೊಳ್ಳಲು ಅವಳಿಂದ ಆಗಲಿಲ್ಲ, ಅಳುತ್ತಲೇ ಕೂಗಿದಳು.

"ಮೋಕ್ಷಾ! ಇಲ್ಲಿ ಬಾ."

ಮೋಕ್ಷಾ ಬಾಗಿಲಲ್ಲಿ ನಿಂತಳು. ಕೈಯಲ್ಲಿ ಮೊಬೈಲು.

"ಅಣ್ಣುವಿಗೆ ಬರೆದು ಕಳಿಸಿದ್ದು ನೀನಾ?"

"ಎಲ್ಲರ ಮನೆಯವರೂ ಕಳಿಸಿದ್ದಾರೆ ಅಮ್ಮ. ನವ್ಯಕ್ಕನ ಗಂಡನೂ ಕಳಿಸಿದ್ದಾರೆ."

"ನಾನು ಕೇಳಿದ್ದು ನಿನ್ನನ್ನು."

"ಹೌದು. ತಮಾಷೆಗೆ. ಅವನು ಅಷ್ಟೆಲ್ಲ ಎಳೆಯುತ್ತಾನೆ ಅಂತ ನನಗೇನು ಗೊತ್ತು?"

"ಬರ್ಮುಡಾದ್ದು ಅವನು ಎಳೆದದ್ದಾ? ತೊಡೆಯದ್ದು?"

ಅಮ್ಮಣ್ಣಿ ಒಳಗಿನಿಂದ ಬಂದಳು. "ಆದದ್ದು ಆಯ್ತು ಮಗಾ. ಗೆದ್ದದ್ದು ನೀನಲ್ವಾ? ನಗುವವರು ನಾಲ್ಕು ದಿನ ನಗ್ತಾರೆ."

"ಅಮ್ಮ, ನೀವು ಸುಮ್ಮನಿರಿ. ಊರಿನವರು ನಕ್ಕದ್ದಕ್ಕೆ ನಾನು ಅಳ್ತಾ ಇಲ್ಲ." ಪ್ರಫುಲ್ಲಾ ಮಗಳ ಕಡೆ ತಿರುಗಿದಳು. "ಈ ಊರಿನ ಅರ್ಧ ಹೆಂಗಸರ ಮೈ ನನ್ನ ಪುಸ್ತಕದಲ್ಲಿ ಉಂಟು. ಒಬ್ಬಳದ್ದಾದ್ರೂ ಹೇಳಿದ್ದೇನಾ? ನಿನ್ನ ಹತ್ತಿರ ಹೇಳಿದ್ದೇನಾ? ನಾನು ಹೆತ್ತವಳು ನೀನು, ನನ್ನ ಮೈಯನ್ನು ಮೈಕಿಗೆ ಹಾಕಿದೆಯಲ್ಲ. ಯಾಕೆ?"

ಆಗ ಮೋಕ್ಷಾಳ ಕಟ್ಟೆ ಒಡೆಯಿತು.

"ಯಾಕೆ ಅಂದ್ರೆ ಅವರೆಲ್ಲ ಹೇಗೂ ನಗ್ತಿದ್ರು! ಹಾಸ್ಟೆಲಿನಲ್ಲಿ ನಿನ್ನ ಫೋಟೋ ನೋಡಿ ಎಂತ ಹೇಳ್ತಾರೆ ಗೊತ್ತುಂಟಾ? ಮೋಕ್ಷಾ ನಲವತ್ತೈದಕ್ಕೆ ಹೀಗೇ ಆಗುದು ಅಂತ. ಎಲ್ಲರೂ ನಿನ್ನನ್ನು ನೋಡಿ ಆಮೇಲೆ ನನ್ನನ್ನು ನೋಡ್ತಾರೆ. ನಾನೇ ಮೊದಲು ತಮಾಷೆ ಮಾಡಿದ್ರೆ, ನಾನೇ ಮೊದಲು ನಕ್ಕರೆ, ಆಮೇಲೆ ಯಾರೂ ನನ್ನನ್ನು..."



"ಅಂದ್ರೆ ನೀನು ಗ್ಯಾಲರಿಯಲ್ಲಿ ಕೂತು ನಕ್ಕಿಯಾ?" ಎಂದು ಪ್ರಫುಲ್ಲಾ ಕೇಳಿದಳು.

ಮೋಕ್ಷಾ ತಲೆ ತಗ್ಗಿಸಿ ಒಳಗೆ ಹೋದಳು. ದೇವದಾಸ ಮಾತ್ರ ಎಂದೂ ಇಲ್ಲದ ಮೆಲುದನಿಯಲ್ಲಿ, "ಪರ್ಸಿನ್ ಬೋಟು ಅಂತ ಇನ್ನು ನಾನೂ ಹೇಳುದಿಲ್ಲ" ಎಂದ. ಆ ಹೊತ್ತಿಗೆ ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಅಮ್ಮಣ್ಣಿಯೇ ಹೋಗಿ ಅನ್ನಕ್ಕೆ ನೀರಿಟ್ಟಳು.

ಸೋಮವಾರ ಮೋಕ್ಷಾ ನಿಟ್ಟೆಗೆ ಹೋದಳು. ಪ್ರಫುಲ್ಲಾ ಟಿಫಿನ್ ಕಟ್ಟಿಕೊಟ್ಟಳು, ಬಟ್ಟೆ ಇಸ್ತ್ರಿ ಮಾಡಿಕೊಟ್ಟಳು. ಮಾತು ಮಾತ್ರ ಬೇಕಾದಷ್ಟೇ. ನಡೆಯುವುದು ನಿಂತಿತು. ಅಂಗಡಿಗೆ ಉಪ್ಪು ತರಲು ಹೋದರೆ ಬೈಕಿನ ಹುಡುಗರು "ಬರ್ಮುಡಕ್ಕ" ಎನ್ನುತ್ತಿದ್ದರು. ರವಿಕೆ ಕೊಡಲು ಬಂದವರ ಕಣ್ಣು ಮಾತಿನ ನಡುವೆ ಅವಳ ಸೊಂಟದ ಕೆಳಗೆ ಇಳಿದು ಬರುತ್ತಿತ್ತು. ಮಾವಿನಕಾಯಿ ಹಾಕಿದ ಬೂತಾಯಿ ಮೀನಿನ ಗಸಿ ಮಾಡಿದ ದಿನ ಅವಳು ಎರಡು ಸಲ ಅನ್ನ ಹಾಕಿಸಿಕೊಂಡಳು. ಸಾಕು ಎನ್ನುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಮೂರನೇ ವಾರ ಸಂಜೆಯ ಹೊತ್ತಿಗೆ ನೀಲಿ ನೂಲನ್ನೂ ಕಪ್ಪು ನೂಲನ್ನೂ ಅವಳು ಅದಲು ಬದಲು ಮಾಡಿದಳು. ತೋಳು ಹೊಲಿದು ಮುಗಿದ ಮೇಲೆಯೇ ಗೊತ್ತಾದದ್ದು. ಮರುದಿನ ರಕ್ತ ಕೊಟ್ಟು ಬಂದಳು. ಶುಗರ್ ನೂರ ತೊಂಬತ್ತು. ಬಿಚ್ಚಿದ ತೋಳನ್ನು ಮಡಿಲಲ್ಲಿ ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು. ಹೆದರಿಕೆಯಾಗಿತ್ತು ಅವಳಿಗೆ, ಮುಚ್ಚಿಡಲಾರದಷ್ಟು.

ಅಂದೇ ಶಿರ್ವದಿಂದ ಹಳೆಯ ಗಿರಾಕಿ ರೇಚಲ್ ಬಾಯಿ ಬಂದರು. ಮಗಳ ಮದುವೆಯ ರವಿಕೆಗಳನ್ನು ಎಣಿಸಿ ಚೀಲಕ್ಕೆ ಹಾಕಿಕೊಂಡ ಮೇಲೂ ಹೊರಡಲಿಲ್ಲ. ಬಾಗಿಲ ಕಡೆ ನೋಡಿ, ದನಿ ಇಳಿಸಿದರು.

"ಪ್ರಫುಲ್ಲಾ, ಆ ಬರ್ಮುಡಾ ಹಾಕಿದ್ರೆ ನಿಜವಾಗಿ ಉಜ್ಜುದಿಲ್ಲವಾ?"

ಪ್ರಫುಲ್ಲಾ ಮುಖ ಗಂಟಿಕ್ಕಿದಳು. "ನಿಮಗೂ ತಮಾಷೆಯಾ?"

"ತಮಾಷೆ ಎಂತದ್ದು! ಭಾನುವಾರ ಇಗರ್ಜಿಗೆ ನಡೆದು ಹೋಗಿ ಬಂದ್ರೆ ನನಗೆ ಎರಡು ದಿನ ಉರಿ. ಮೂವತ್ತು ವರ್ಷದಿಂದ ಹೀಗೇ. ಗಂಡನ ಹತ್ತಿರವೂ ಹೇಳ್ಲಿಲ್ಲ. ಮೆತ್ತಗಿನ ಹತ್ತಿಬಟ್ಟೆಯಲ್ಲಿ ಎರಡು ಹೊಲಿದುಕೊಡು. ಯಾರಿಗೂ ಹೇಳ್ಬೇಡ."

ಪ್ರಫುಲ್ಲಾ ಟೇಪು ತೆಗೆದಳು. ತೊಡೆಯ ಅಳತೆ ತೆಗೆದು ಪುಸ್ತಕದಲ್ಲಿ ಬರೆದಳು. "ನಾನು ಹೇಳುದಿಲ್ಲ" ಎಂದಳು.

ಆ ಶುಕ್ರವಾರ ಮೋಕ್ಷಾ ಮನೆಗೆ ಬಂದಳು. ಅಜ್ಜಿಗೆ ನಿಟ್ಟೆಯಿಂದ ಬಿಸ್ಕಿಟು ತಂದಿದ್ದಳು, ಅಮ್ಮನಿಗೆ ಒಂದು ಜೊತೆ ಶೂ. ಬಿಳಿಯದು, ಅಳತೆ ಸರಿಯಾಗಿತ್ತು. ಪ್ರಫುಲ್ಲಾ ಅದನ್ನು ತೆಗೆದು ನೋಡಿ, "ಒಳ್ಳೆದುಂಟು" ಎಂದು ಮಂಚದ ಅಡಿಗೆ ಇಟ್ಟಳು. ನೀರುದೋಸೆ ಹೊಯ್ಯುತ್ತಾ ನಿಂತ ಅವಳ ಹಿಂದೆ ಹುಡುಗಿ ಸುಮಾರು ಹೊತ್ತು ಸುಳಿದಾಡಿ, ತಪ್ಪಾಯ್ತು ಎಂದು ಎರಡು ಮೂರು ಸಲ ಹೇಳಿ, ಕೊನೆಗೆ ಅಜ್ಜಿಯ ಕೋಣೆಗೆ ಹೋದಳು.

ಬೆಳಿಗ್ಗೆ ಪ್ರಫುಲ್ಲಾ ಏಳು ಗಂಟೆಗೆ ಎದ್ದು, ಚಾ ಕುಡಿದು, ಚೂಡಿದಾರ ಹಾಕಿ, ರಬ್ಬರ್ ಚಪ್ಪಲಿ ಮೆಟ್ಟಿ ಅಂಗಳಕ್ಕೆ ಇಳಿದಳು. ಬಿಸಿಲು ಬಂದಾಗಿತ್ತು. ಮೀನು ಕೊಳ್ಳುವವರು, ಪ್ರವಾಸಿಗಳು, ಶಾಲೆಯ ಮಕ್ಕಳು, ಎಲ್ಲರೂ ದಾರಿಯಲ್ಲಿರುವ ಹೊತ್ತು. ಮೋಕ್ಷಾ ಗೇಟಿನ ಹತ್ತಿರ ತಯಾರಾಗಿ ನಿಂತಿದ್ದಳು.

"ಅಮ್ಮ, ನಾನೂ ಬರ್ತೇನೆ."

"ಬೇಡ."

"ಆ ಹುಡುಗರು ಅಲ್ಲೇ ಇದ್ದಾರೆ. ಒಬ್ಬಳೇ ಹೋಗ್ಬೇಡ."

"ಇರ್ಲಿ."

"ತಪ್ಪಾಯ್ತು ಅಂತ ಎಷ್ಟು ಸಲ ಹೇಳ್ಬೇಕು ಅಮ್ಮ? ಇನ್ನೂ ಕೋಪವಾ?"

ಪ್ರಫುಲ್ಲಾ ಮಗಳ ಮುಖವನ್ನು ನೋಡಿದಳು. ತನ್ನದೇ ಮುಖ. ನಿದ್ದೆ ಬಿಟ್ಟು ಕಣ್ಣು ಊದಿಕೊಂಡಿತ್ತು. ಹಣೆಗೆ ಬಿದ್ದ ಕೂದಲನ್ನು ಹಿಂದಕ್ಕೆ ಸರಿಸಬೇಕೆಂದು ಕೈ ಎದ್ದಿತು. ಸರಿಸಿದಳು ಕೂಡ.

"ಕೋಪ ಹೋಯ್ತು. ಊರಿನವರು ನೋಡಿದ್ರೆ ನನಗೆ ಈಗ ಎಂತದೂ ಆಗುದಿಲ್ಲ, ಮೋಕ್ಷಾ. ನೀನು ನೋಡಿದ್ರೆ ನಾಚಿಕೆ ಆಗ್ತದೆ."

ಗೇಟು ತೆರೆದು ಅವಳು ದೀಪಸ್ತಂಭದ ಕಡೆಗೆ ನಡೆದಳು. ಬೈಕಿನ ಹುಡುಗರು ಏನೋ ಕೂಗಿದರು. ಅವಳು ನಿಲ್ಲಲಿಲ್ಲ, ತಿರುಗಿಯೂ ನೋಡಲಿಲ್ಲ. ಮೋಕ್ಷಾ ಗೇಟಿನ ಒಳಗೇ ಉಳಿದಳು.